ಅಮೆರಿಕದ ಎರಡು ರಾಜ್ಯಗಳ ತೆರಿಗೆ, ಕೊಡಿಯಾಲ್‌ಬೈಲಿನ ಒಂದು ಆಡಿಟರ್ ಕಚೇರಿ

ಅಮೆರಿಕದ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವವರ ರಾಜ್ಯ ಆದಾಯ ತೆರಿಗೆಯ ಲೆಕ್ಕವನ್ನು ಮಂಗಳೂರಿನಲ್ಲಿ ಸರಿಯಾಗಿ ಮಾಡಿಕೊಡುವವರು ಇದ್ದಾರೆಯೇ ಎಂದು ಪರಿಚಿತರು ಕೇಳುತ್ತಿರುವುದರಿಂದ, ಕೊಡಿಯಾಲ್‌ಬೈಲಿನ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ನನಗೆ ದೊರೆತ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಕಚೇರಿಯ ಹೆಸರನ್ನು ಬಿಟ್ಟಿದ್ದೇನೆ.

ನಾನು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ವಾಸವಾಗಿದ್ದೆ, ಕಂಪನಿಯ ಕಚೇರಿ ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿತ್ತು, ಕೆಲಸದ ಬಹುಪಾಲು ಮನೆಯಿಂದಲೇ ನಡೆಯುತ್ತಿತ್ತು. ಕಳೆದ ಆಗಸ್ಟ್‌ನಲ್ಲಿ ಸಂಸಾರ ಸಮೇತ ಕದ್ರಿಯ ಮನೆಗೆ ಮರಳಿದ ಮೇಲೂ ಅದೇ ಕಂಪನಿಯ ಕೆಲಸ ಮುಂದುವರಿಯಿತು. ಮನೆ ನ್ಯೂಜೆರ್ಸಿಯಲ್ಲಿದ್ದ ಮೇಲೆ ತೆರಿಗೆ ನ್ಯೂಜೆರ್ಸಿಗೆ ಮಾತ್ರ ಎಂದು ಸಾಮಾನ್ಯರು ಭಾವಿಸುವುದು ಸಹಜ. ನ್ಯೂಯಾರ್ಕ್ ಹಾಗೆ ಭಾವಿಸುವುದಿಲ್ಲ. ಆ ರಾಜ್ಯದ ಕಚೇರಿಗೆ ಸೇರಿದ ನೌಕರನು ಹೊರರಾಜ್ಯದ ತನ್ನ ಮನೆಯಲ್ಲಿ ಕುಳಿತು ಮಾಡಿದ ಕೆಲಸವು ಮಾಲೀಕರ ಅಗತ್ಯಕ್ಕಾಗಿ ಅಲ್ಲದೆ ನೌಕರನ ಅನುಕೂಲಕ್ಕಾಗಿ ಆಗಿದ್ದರೆ, ಆ ದಿನಗಳನ್ನೂ ನ್ಯೂಯಾರ್ಕ್‌ನಲ್ಲಿ ದುಡಿದ ದಿನಗಳೆಂದೇ ಎಣಿಸಲಾಗುತ್ತದೆ. ಕನೆಕ್ಟಿಕಟ್‌ನ ಮನೆಯಲ್ಲಿ ಬರವಣಿಗೆ ಮಾಡುತ್ತಿದ್ದ ಕಾನೂನು ಪ್ರಾಧ್ಯಾಪಕ ಎಡ್ವರ್ಡ್ ಜೆಲಿನ್‌ಸ್ಕಿ ಇದನ್ನು ಪ್ರಶ್ನಿಸಿದಾಗ, ನ್ಯೂಯಾರ್ಕ್‌ನ ಅತ್ಯುನ್ನತ ನ್ಯಾಯಾಲಯ 2003ರಲ್ಲಿ ನಿಯಮವನ್ನೇ ಎತ್ತಿಹಿಡಿಯಿತು. ಇದರಿಂದ ಬೇಸತ್ತ ನ್ಯೂಜೆರ್ಸಿಯು 2023ರಲ್ಲಿ, ಇಂಥ ನಿಯಮವಿರುವ ರಾಜ್ಯಗಳ ನಿವಾಸಿಗಳ ಮೇಲೆ ಅದೇ ನಿಯಮವನ್ನು ತಿರುಗಿಸಿ ಹೇರುವ ಕಾನೂನನ್ನು ಮಾಡಿಕೊಂಡಿದೆ.

ಕೊಡಿಯಾಲ್‌ಬೈಲಿನ ಕಚೇರಿಯ ಬಗ್ಗೆ ನನಗೆ ನಂಬಿಕೆ ಹುಟ್ಟಿದ್ದು ಮೊದಲ ಭೇಟಿಯಲ್ಲಿಯೇ. ಸಂಬಳದ ಅಂಕಿಗಳನ್ನು ಪಕ್ಕಕ್ಕಿಟ್ಟು, ಹಿರಿಯ ಆಡಿಟರ್ ಕೇಳಿದ ಪ್ರಶ್ನೆ ಹೀಗಿತ್ತು: "ನೀವು ಮನೆಯಲ್ಲಿ ಕೂತು ಕೆಲಸ ಮಾಡಿದ್ದು ಯಾರ ಅಗತ್ಯಕ್ಕೆ ಮಾರಾಯ್ರೆ? ಅದಕ್ಕೆ ಕಂಪನಿಯ ಕಾಗದ ಉಂಟಾ?" ನನ್ನಲ್ಲಿ ಅಂಥ ಕಾಗದ ಇರಲಿಲ್ಲ. ನ್ಯೂಯಾರ್ಕ್‌ನ ತೆರಿಗೆ ಇಲಾಖೆ 2006ರಲ್ಲಿ ಹೊರಡಿಸಿದ ಟಿಪ್ಪಣಿಯ ಪ್ರಕಾರ ಮನೆಯ ಕೋಣೆಯು ಮಾಲೀಕರ ನಿಜವಾದ ಕಚೇರಿ ಎನಿಸಿಕೊಳ್ಳಬೇಕಾದರೆ ಎಂತಹ ಷರತ್ತುಗಳು ಪೂರೈಸಬೇಕು ಎಂಬುದನ್ನು ಅವರು ಒಂದೊಂದಾಗಿ ಓದಿ ಹೇಳಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾಡಿದ ಕೆಲಸ ಅದರೊಳಗೆ ಬರುವುದಿಲ್ಲ ಎಂದು ನೇರವಾಗಿ ತಿಳಿಸಿದರು. ಗಿರಾಕಿಯನ್ನು ಸಂತೋಷಪಡಿಸುವ ಆಸೆಯಿಂದ ಆ ದಿನಗಳನ್ನು ನ್ಯೂಯಾರ್ಕ್‌ನ ಲೆಕ್ಕದಿಂದ ಕಳೆದುಬಿಡುವ ಸಲಹೆಗಾರರೂ ಇದ್ದಾರೆ, ಅದರ ನೋಟಿಸು ಬರುವುದು ವರ್ಷಗಳ ನಂತರ.

ಡಬ್ಲ್ಯು-2 ಎಂಬ ವಾರ್ಷಿಕ ಸಂಬಳ ಪತ್ರದ ವಿಷಯದಲ್ಲಿ ಇವರ ಕೈಚಳಕ ಇನ್ನಷ್ಟು ಚೆನ್ನಾಗಿ ಕಂಡಿತು. ಅದರ 15ರಿಂದ 17ನೆಯ ಚೌಕಗಳಲ್ಲಿ ರಾಜ್ಯದ ಹೆಸರು, ಆ ರಾಜ್ಯಕ್ಕೆ ಸೇರಿದ ಸಂಬಳ, ಕಡಿತವಾದ ತೆರಿಗೆ ಇವುಗಳು ಇರುತ್ತವೆ. ನ್ಯೂಯಾರ್ಕ್ ತನ್ನ ಹೆಸರಿನ ಮುಂದೆ ಫೆಡರಲ್ ತೆರಿಗೆಗೆ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ತೆರಿಗೆಗೆ, ತೋರಿಸಿದ ಸಂಬಳದ ಪೂರ್ಣ ಮೊತ್ತವನ್ನೇ ತೋರಿಸಬೇಕೆಂದು ಕಂಪನಿಗಳಿಗೆ ವಿಧಿಸಿರುವುದರಿಂದ, ಕೆಳಗಿನ ಸಾಲಿನಲ್ಲಿ ನ್ಯೂಜೆರ್ಸಿಯ ಸಂಬಳವೂ ಸೇರಿದಾಗ ಎರಡರ ಮೊತ್ತ ನಿಜವಾದ ಸಂಬಳವನ್ನು ಬಹಳವಾಗಿ ಮೀರುತ್ತದೆ. ನಾನು ಮೊದಲು ಬಳಸಿ ನೋಡಿದ ಒಂದು ಆನ್‌ಲೈನ್ ತಂತ್ರಾಂಶವು ಈ ಎರಡು ಸಾಲುಗಳನ್ನು ಎರಡು ಬೇರೆ ಆದಾಯಗಳೆಂದು ಓದಿಕೊಂಡು ಗಾಬರಿ ಹುಟ್ಟಿಸುವಂಥ ತೆರಿಗೆಯನ್ನು ತೋರಿಸಿತ್ತು. ಕಚೇರಿಯಲ್ಲಿ ಸಿಎ ತರಬೇತಿ ಪಡೆಯುತ್ತಿರುವ ಆರ್ಟಿಕಲ್ ಹುಡುಗಿಯೊಬ್ಬಳು ಕ್ಯಾಲೆಂಡರಿನ ಪ್ರತಿ ಕೊಂಡು ನನ್ನ ರಜೆ, ಮನೆಯ ಕೆಲಸ, ಮ್ಯಾನ್‌ಹಟನ್ ಭೇಟಿಗಳನ್ನು ಮೂರು ಬಣ್ಣದ ಪೆನ್ನಿನಲ್ಲಿ ಗುರುತಿಸಿ, ಆ ಪುಟದಿಂದಲೇ, ಸಂಬಳದಲ್ಲಿ ನ್ಯೂಯಾರ್ಕ್‌ನ ಪಾಲನ್ನು ದಿನಗಳ ಮೇಲೆ ಲೆಕ್ಕ ಹಾಕುವ ಐಟಿ-203-ಬಿ ನಮೂನೆಯನ್ನು ತುಂಬಿದಳು. ಅನಿವಾಸಿಯಾಗಿ ನ್ಯೂಯಾರ್ಕ್‌ಗೆ ಸಲ್ಲಿಸುವ ಐಟಿ-203 ರಿಟರ್ನ್ ಮೊದಲು ಸಿದ್ಧವಾಗಬೇಕು, ಅಲ್ಲಿ ಕಟ್ಟಿದ ತೆರಿಗೆಗೆ ನ್ಯೂಜೆರ್ಸಿಯ ರಿಟರ್ನ್‌ನಲ್ಲಿ ರಿಯಾಯಿತಿ ಕೇಳುವುದು ಅನಂತರ. ಈ ಅನುಕ್ರಮ ತಪ್ಪಿದರೆ ಎರಡೂ ಕಡೆ ಲೆಕ್ಕ ಹೊಂದುವುದಿಲ್ಲ. ಆ ರಿಯಾಯಿತಿಗೂ ಮಿತಿಯಿದೆ, ನ್ಯೂಜೆರ್ಸಿಯು ಅದೇ ಆದಾಯಕ್ಕೆ ವಿಧಿಸುವ ತೆರಿಗೆಯನ್ನು ಮೀರಿ ಒಂದು ಡಾಲರ್ ಕೂಡ ಬಿಟ್ಟುಕೊಡುವುದಿಲ್ಲ.

ಮಂಗಳೂರಿಗೆ ಬಂದ ಮೇಲಿನ ತಿಂಗಳುಗಳಲ್ಲಿಯೂ ಕಂಪನಿಯ ಪಗಾರ ವಿಭಾಗವು ನ್ಯೂಯಾರ್ಕ್ ತೆರಿಗೆಯನ್ನು ಕಡಿತ ಮಾಡುತ್ತಲೇ ಇತ್ತು. ನಾನು ಎಚ್-1ಬಿ ವೀಸಾದಲ್ಲಿದ್ದವನಾದ್ದರಿಂದ, ಅಮೆರಿಕದ ತೆರಿಗೆ ನಿವಾಸಿತ್ವ ಕೊನೆಗೊಂಡ ನಂತರ ಭಾರತದಲ್ಲಿ ಮಾಡಿದ ಕೆಲಸದ ಸಂಬಳ ಫೆಡರಲ್ ಆದಾಯದೊಳಗೇ ಬರುವುದಿಲ್ಲ, ಫೆಡರಲ್ ಆದಾಯಕ್ಕೆ ಸೇರದ ಸಂಬಳವನ್ನು ಅನಿವಾಸಿಯಿಂದ ನ್ಯೂಯಾರ್ಕ್ ಪಡೆಯಲು ಬರುವುದಿಲ್ಲ ಎಂದು ವಿವರಿಸಿ, ಡಬ್ಲ್ಯು-2ಸಿ ಎಂಬ ತಿದ್ದುಪಡಿ ಪತ್ರವನ್ನು ಕಂಪನಿಯಿಂದ ತರಿಸಿಕೊಳ್ಳಲು ಬೇಕಾದ ಪತ್ರದ ಕರಡನ್ನೂ ಅವರೇ ಬರೆದುಕೊಟ್ಟರು. ಗ್ರೀನ್ ಕಾರ್ಡ್ ಉಳಿಸಿಕೊಂಡು ಮಣಿಪಾಲದಲ್ಲಿ ನೆಲೆಸಿರುವ ನನ್ನ ಗೆಳೆಯನ ಸ್ಥಿತಿ ಬೇರೆ. ಆತನ ಜಾಗತಿಕ ಆದಾಯವೆಲ್ಲ ಫೆಡರಲ್ ಲೆಕ್ಕಕ್ಕೆ ಸೇರುವುದರಿಂದ, ನ್ಯೂಯಾರ್ಕ್‌ನ ಅನುಕೂಲದ ನಿಯಮ ಆತನನ್ನು ಮಣಿಪಾಲದವರೆಗೂ ಹಿಂಬಾಲಿಸಬಲ್ಲದು. ಭಾರತ ಮತ್ತು ಅಮೆರಿಕದ ನಡುವಿನ ತೆರಿಗೆ ಒಪ್ಪಂದವು ಫೆಡರಲ್ ತೆರಿಗೆಗೆ ಮಾತ್ರ ಅನ್ವಯಿಸುತ್ತದೆಯಾದರೂ, ರಾಜ್ಯಗಳಿಗೆ ಕಟ್ಟಿದ ಆದಾಯ ತೆರಿಗೆಗೂ ಭಾರತದ 1961ರ ಆದಾಯ ತೆರಿಗೆ ಕಾಯ್ದೆಯ 91ನೆಯ ಕಲಮಿನಡಿ ಪರಿಹಾರ ಸಿಗುತ್ತದೆ ಎಂದು ವಿಪ್ರೊ ಪ್ರಕರಣದಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ 2015ರಲ್ಲಿ ತೀರ್ಪು ಕೊಟ್ಟಿರುವುದನ್ನು ಆಡಿಟರ್ ಆತನಿಗೆ ತೋರಿಸಿದರು.

ಭಾರತದ ಭಾಗವನ್ನು ಇವರು ಚುರುಕಾಗಿ ಮುಗಿಸಿದರು. ಸಂಬಳ ಅಮೆರಿಕದ ಬ್ಯಾಂಕ್ ಖಾತೆಗೆ ಬಿದ್ದರೂ ಕೆಲಸ ಕದ್ರಿಯಲ್ಲಿ ನಡೆದಿರುವುದರಿಂದ ಆ ಆದಾಯ ಭಾರತದಲ್ಲಿ ತೆರಿಗೆಗೆ ಒಳಪಡುತ್ತದೆ, ಇಲ್ಲಿ ಟಿಡಿಎಸ್ ಕಡಿತ ಮಾಡುವವರು ಯಾರೂ ಇಲ್ಲದಿದ್ದರೆ ಮುಂಗಡ ತೆರಿಗೆಯನ್ನು ನಾವೇ ಕಟ್ಟಬೇಕು. ಡಿಸೆಂಬರ್ 15 ಮತ್ತು ಮಾರ್ಚ್ 15ರ ಕಂತುಗಳನ್ನು ಅವರು ಮುಂಚಿತವಾಗಿಯೇ ನೆನಪಿಸಿದರು.

ಇನ್ನು ದೂರುಗಳು. ಅಮೆರಿಕದ ರಿಟರ್ನ್‌ಗಳಿಗೆ ಏಪ್ರಿಲ್ 15 ಕೊನೆಯ ದಿನ, ಇಲ್ಲಿನ ಕಚೇರಿಗೆ ಮಾರ್ಚ್ ತಿಂಗಳು ಹಣಕಾಸು ವರ್ಷದ ಕೊನೆ. ಈ ಎರಡರ ನಡುವೆ ಸಿಕ್ಕಿಕೊಂಡ ನನ್ನ ಕರೆಗಳಿಗೆ ವಾರಗಟ್ಟಲೆ ಉತ್ತರವೇ ಬರಲಿಲ್ಲ. ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಇರುವ ಕಾಗದಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ ಎಂದು ಸಿಬ್ಬಂದಿ ಹೇಳಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಪೆನ್‌ಡ್ರೈವ್‌ನಲ್ಲಿ ಖುದ್ದಾಗಿ ತಂದುಕೊಟ್ಟೆ. ಇಂಥ ಕೆಲಸ ಮಾಡುವ ಕಚೇರಿಗೆ ಸುರಕ್ಷಿತ ಪೋರ್ಟಲ್ ಒಂದು ಇರಲೇಬೇಕು. ಶುಲ್ಕವನ್ನೂ ಮೊದಲೇ ಬರಹದಲ್ಲಿ ಕೊಡುವುದಿಲ್ಲ: 30,000 ರೂಪಾಯಿ ಎಂದು ಬಾಯಿಮಾತಿನಲ್ಲಿ ಹೇಳಿದ್ದರ ಮೇಲೆ 18% ಜಿಎಸ್‌ಟಿಯೂ ಸೇರುತ್ತದೆ ಎಂಬುದು ಬಿಲ್ಲು ಕೈಗೆ ಬಂದಾಗಲೇ ತಿಳಿಯಿತು. ಆದರೆ ರಿಟರ್ನ್‌ನ ಕೊನೆಯ ಪುಟದಲ್ಲಿ ತಯಾರಿಸಿದವರ ಸಹಿಯೂ ಅಮೆರಿಕದ ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್ ರಿಟರ್ನ್ ತಯಾರಕರಿಗೆ ನೀಡುವ ಪಿಟಿಐಎನ್ ಎಂಬ ಗುರುತಿನ ಸಂಖ್ಯೆಯೂ ಇತ್ತು. ಹಣ ಪಡೆದು ರಿಟರ್ನ್ ತಯಾರಿಸುವ ಯಾರಿಗೇ ಆದರೂ ಅದು ಕಡ್ಡಾಯ, ಅದನ್ನು ಹಾಕಲು ಹಿಂಜರಿಯುವವರ ಬಳಿಗೆ ಹೋಗಬಾರದು.

ಬೆಂಗಳೂರು, ಪುಣೆ, ಹೈದರಾಬಾದಿನ ಕಂಪನಿಗಳಿಗೆ ಮಂಗಳೂರಿನಿಂದ ದುಡಿಯುವವರಿಗೆ ಈ ಕಚೇರಿಯ ಅಗತ್ಯವೇ ಇಲ್ಲ. ಸಂಬಳದ ಮೇಲಿನ ಆದಾಯ ತೆರಿಗೆ ನಮ್ಮಲ್ಲಿ ಕೇಂದ್ರಕ್ಕೆ ಸೇರಿದ್ದು, ರಾಜ್ಯಕ್ಕಿರುವುದು ವೃತ್ತಿ ತೆರಿಗೆ ಮಾತ್ರ, ಅದಕ್ಕೂ ಸಂವಿಧಾನದ 276ನೆಯ ವಿಧಿ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ನಾನು ಕಾಯುತ್ತಿದ್ದಾಗ ಇದೇ ಪ್ರಶ್ನೆ ಹಿಡಿದು ಬಂದಿದ್ದ ಸುರತ್ಕಲ್ಲಿನ ಯುವಕನೊಬ್ಬನಿಗೆ ಇಷ್ಟನ್ನೇ ಹೇಳಿ, ಹಣ ಪಡೆಯದೆ ಕಳುಹಿಸಿಕೊಟ್ಟರು. ಮುಂದಿನ ವರ್ಷ ನನ್ನ ಲೆಕ್ಕದಲ್ಲಿ ಅಮೆರಿಕದ ರಾಜ್ಯಗಳು ಯಾವುವೂ ಇರುವುದಿಲ್ಲ. ಭಾರತದ ರಿಟರ್ನ್ ಒಂದಕ್ಕೇ ಆದರೆ ಇವರ ದರ ದುಬಾರಿ, ಅದನ್ನು ನಮ್ಮ ಬೀದಿಯ ಆಡಿಟರ್ ಬಳಿಯೇ ಮಾಡಿಸುವವನಿದ್ದೇನೆ.