ಸಿಎಫ್‌ಎ ಮೊದಲ ಹಂತ: ಮೂಲ ಪಠ್ಯವೋ, ನೋಟ್ಸೋ, ಕೋಚಿಂಗೋ?

ಸಿಎಫ್‌ಎ (ಚಾರ್ಟರ್ಡ್ ಫೈನಾನ್ಶಿಯಲ್ ಅನಲಿಸ್ಟ್) ಅಂದರೆ ಹೂಡಿಕೆ ಕ್ಷೇತ್ರದವರು ಬರೆಯುವ ವೃತ್ತಿಪರ ಪರೀಕ್ಷೆ. ಅದರ ಮೊದಲ ಹಂತಕ್ಕೆ ಯಾವ ಪುಸ್ತಕ ಓದಬೇಕು ಅಂತ ಕೇಳುವವರಿಗೆ ನನ್ನ ಉತ್ತರ ಸ್ವಲ್ಪ ಉದ್ದ. ಪರೀಕ್ಷೆ ನಡೆಸುವ ಸಿಎಫ್‌ಎ ಸಂಸ್ಥೆಯ ಮೂಲ ಪಠ್ಯ, ಬೇರೆ ಪ್ರಕಾಶಕರ ಸಂಕ್ಷಿಪ್ತ ನೋಟ್ಸ್, ವಾರಾಂತ್ಯದ ಕೋಚಿಂಗ್, ಮೂರನ್ನೂ ಬಳಸಿ ನೋಡಿದ್ದೇನೆ. ಇರುವುದು ಹತ್ತು ವಿಷಯ. ಎಲ್ಲಕ್ಕೂ ಒಂದನ್ನೇ ನೆಚ್ಚಿಕೊಂಡರೆ ಕಷ್ಟ.

ಪರೀಕ್ಷೆಗೆ ನೋಂದಾಯಿಸಿದರೆ ಮೂಲ ಪಠ್ಯ ಡಿಜಿಟಲ್ ರೂಪದಲ್ಲಿ ಜೊತೆಗೇ ಸಿಗುತ್ತದೆ. ಬೇರೆ ದುಡ್ಡು ಕೊಡಬೇಕಿಲ್ಲ. ಆದರೆ ಅದು ಸಿಕ್ಕಾಪಟ್ಟೆ ಉದ್ದ. ಆಫೀಸ್ ಮುಗಿಸಿ, ಔಟರ್ ರಿಂಗ್ ರೋಡಿನ ಟ್ರಾಫಿಕ್ ದಾಟಿ ಬಂದವರಿಗೆ ಒಂದು ಸೂತ್ರಕ್ಕಾಗಿ ಅಷ್ಟೊಂದು ಪುಟ ತಿರುವುವ ತಾಳ್ಮೆ ಎಲ್ಲಿರುತ್ತದೆ? ಸುಮಾರು 300 ಗಂಟೆ ಓದಬೇಕು ಅಂತ ಸಂಸ್ಥೆಯೇ ಹೇಳುತ್ತದೆ. ಇದನ್ನೇ ಮೊದಲಿಂದ ಕೊನೆವರೆಗೆ ಹಿಡಿದರೆ ಆ ಸಮಯವೆಲ್ಲ ಓದಿಗೇ ಹೋಗುತ್ತದೆ, ಲೆಕ್ಕ ಬಿಡಿಸುವುದು ಯಾವಾಗ?

ಹಾಗಂತ ಎಥಿಕ್ಸ್‌ಗೆ (ವೃತ್ತಿ ನೀತಿಗೆ) ಮಾತ್ರ ನೋಟ್ಸ್ ನಂಬಬೇಡಿ. ಪ್ರಶ್ನೆಪತ್ರಿಕೆಯ ಶೇ 15ರಿಂದ 20ರಷ್ಟು ಈ ಒಂದು ವಿಷಯದ್ದೇ. ನೋಟ್ಸ್‌ನಲ್ಲಿ ನಿಯಮ ಒಂದು ಸಾಲಿನಲ್ಲಿರುತ್ತದೆ: ಮೊದಲು ಗ್ರಾಹಕರು, ಆಮೇಲೆ ಕಂಪನಿ, ಕೊನೆಗೆ ನೀವು. ಓದಿದರೆ ಇಷ್ಟೇನಾ ಅನ್ನಿಸುತ್ತದೆ. ಈಗ ನಿಮ್ಮ ಅಪ್ಪನೇ ಎಲ್ಲರಂತೆ ಫೀಸ್ ಕೊಡುವ ಗ್ರಾಹಕ ಅಂದುಕೊಳ್ಳಿ. ಯಾರೂ ಬೆರಳು ತೋರಿಸದಿರಲಿ ಅಂತ ಅವರಿಗೆ ಕೊನೆಯಲ್ಲಿ ಷೇರು ಕೊಡಿಸುತ್ತೀರಿ. ನಮ್ಮ ಕಣ್ಣಿಗೆ ಅದು ಮರ್ಯಾದಸ್ಥರ ನಡತೆ. ಸಂಸ್ಥೆಯ ಲೆಕ್ಕದಲ್ಲಿ ತಪ್ಪು, ಅಪ್ಪನಿಗೂ ಉಳಿದ ಗ್ರಾಹಕರಷ್ಟೇ ಹಕ್ಕು. ಮೂಲ ಪಠ್ಯದಲ್ಲಿ ಇಂಥ ಸನ್ನಿವೇಶಗಳು ಸಾಲುಸಾಲಾಗಿ ಸಿಗುತ್ತವೆ, ಯಾಕೆ ಸರಿ, ಯಾಕೆ ತಪ್ಪು ಎಂಬ ವಿವರಣೆಯ ಸಮೇತ. ಪರೀಕ್ಷೆಯಲ್ಲಿ ಮೂರು ಆಯ್ಕೆಯೂ ಒಳ್ಳೆಯವರ ಮಾತಿನಂತೆ ಕಾಣುವಾಗ ಕೈಹಿಡಿಯುವುದು ಈ ಓದೇ.

ಫೈನಾನ್ಶಿಯಲ್ ಸ್ಟೇಟ್‌ಮೆಂಟ್ ಅನಾಲಿಸಿಸ್‌ನಲ್ಲಿ, ಅಂದರೆ ಕಂಪನಿಗಳ ಲೆಕ್ಕಪತ್ರ ಓದುವ ವಿಷಯದಲ್ಲಿ, ಕಥೆ ಉಲ್ಟಾ. ಬಿಕಾಂ ಮಾಡಿದವರಿಗೆ ಜರ್ನಲ್ ಎಂಟ್ರಿ ಹೊಸದಲ್ಲ. ಬೇಕಿರುವುದು ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮಗಳಾದ ಐಎಫ್‌ಆರ್‌ಎಸ್ ಮತ್ತು ಅಮೆರಿಕದ ನಿಯಮಗಳಾದ ಗ್ಯಾಪ್ ನಡುವಿನ ವ್ಯತ್ಯಾಸಗಳು. ಕೊನೆಗೆ ಕೊಂಡ ಸರಕೇ ಮೊದಲು ಮಾರಾಟವಾಯಿತು ಎಂದು ಲೆಕ್ಕ ಹಾಕುವ ಲೈಫೋ ಪದ್ಧತಿ ಗ್ಯಾಪ್‌ನಲ್ಲಿ ನಡೆಯುತ್ತದೆ, ಐಎಫ್‌ಆರ್‌ಎಸ್‌ನಲ್ಲಿ ಇಲ್ಲ. ಒಮ್ಮೆ ಇಳಿಸಿದ ದಾಸ್ತಾನಿನ ಬೆಲೆಯನ್ನು ಮತ್ತೆ ಏರಿಸಲು ಐಎಫ್‌ಆರ್‌ಎಸ್ ಬಿಡುತ್ತದೆ, ಗ್ಯಾಪ್ ಬಿಡುವುದಿಲ್ಲ. ನೋಟ್ಸ್ ಇದನ್ನೆಲ್ಲ ಒಂದು ಕೋಷ್ಟಕದಲ್ಲಿ ಹಾಕಿಬಿಡುತ್ತದೆ. ಸಾಕು. ಎಂಜಿನಿಯರಿಂಗ್ ಓದಿ ಬಂದವರಾದರೆ ಮಾತ್ರ ಇಲ್ಲೂ ಮೂಲ ಪಠ್ಯ ತೆರೆಯಿರಿ, ಕೋಷ್ಟಕ ನೋಡಿದರೆ ತಲೆಬುಡ ತಿಳಿಯುವುದಿಲ್ಲ.

ಕೋಚಿಂಗ್ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಡೆರಿವೇಟಿವ್ಸ್ (ಷೇರು, ಬಾಂಡಿನಂಥವುಗಳ ಬೆಲೆಯನ್ನು ನೆಚ್ಚಿದ ಒಪ್ಪಂದಗಳು), ಬಾಂಡಿನ ಡ್ಯುರೇಶನ್ (ಬಡ್ಡಿದರ ಬದಲಾದರೆ ಬಾಂಡಿನ ಬೆಲೆ ಎಷ್ಟು ಏರಿಳಿಯುತ್ತದೆ ಎಂಬ ಅಳತೆ) ಇಂಥವನ್ನು ಯಾರಾದರೂ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರೆ ಬೇಗ ಅರ್ಥವಾಗುತ್ತದೆ, ನಿಜ. ಆದರೆ ಅದೇ ಪಾಠ ಒಳ್ಳೆಯ ವಿಡಿಯೊದಲ್ಲೂ ಸಿಗುತ್ತದೆ, ತಿಳಿಯದಿದ್ದರೆ ಹಿಂದಕ್ಕೆ ಸರಿಸಿ ಮತ್ತೆ ಕೇಳಬಹುದು. ನಾನು ಹೋಗುತ್ತಿದ್ದ ಕ್ಲಾಸಿನಲ್ಲಿ ಎಥಿಕ್ಸ್ ‘ಕೊನೇ ವಾರ ನೀವೇ ಓದ್ಕೊಳ್ಳಿ’ ಎಂದುಬಿಟ್ಟರು! ಒಬ್ಬರೇ ಕೂತು ಓದಲು ಆಗದವರಿಗೆ, ಕ್ಲಾಸಿನ ಭಯವಾದರೂ ಇರಲಿ ಎನ್ನುವವರಿಗೆ, ಕೊಟ್ಟ ಫೀಸ್ ದಂಡವಲ್ಲ.

ಇವೆಲ್ಲಕ್ಕಿಂತ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಪ್ರಶ್ನೆಗಳ ಸಂಗ್ರಹ. ಪರೀಕ್ಷೆಯಲ್ಲಿ 180 ಪ್ರಶ್ನೆ, 135 ನಿಮಿಷದ ಎರಡು ಅವಧಿ. ಅಂದರೆ ಒಂದಕ್ಕೆ ಒಂದೂವರೆ ನಿಮಿಷ. ಆ ವೇಗ ಓದಿನಿಂದ ಬರುವುದಿಲ್ಲ. ಪರ್ಪಲ್ ಲೈನ್ ಮೆಟ್ರೊದಲ್ಲಿ ವಿಜಯನಗರದಿಂದ ವೈಟ್‌ಫೀಲ್ಡ್ ಕಡೆ ಹೋಗುವವರಿಗೆ ದಾರಿಯಲ್ಲೇ ಒಂದಷ್ಟು ಪ್ರಶ್ನೆ ಮುಗಿಯುತ್ತವೆ, ಸೀಟು ಸಿಕ್ಕರೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ.

ಅವೆನ್ಯೂ ರೋಡಿನಲ್ಲಿ ಈ ಪುಸ್ತಕಗಳ ಹಳೇ ಸೆಟ್ ಅಗ್ಗಕ್ಕೆ ಕಂಡರೆ ಮೊದಲು ಇಸವಿ ನೋಡಿ. 2024ರಲ್ಲಿ ಪಠ್ಯ ಸಾಕಷ್ಟು ಬದಲಾಗಿ, ಆರಂಭದ ಕೆಲವು ಪಾಠಗಳು ಮೊದಲೇ ತಿಳಿದಿರಬೇಕಾದವು ಎಂದು ಹೊರಗೆ ಹೋದವು. ಅದಕ್ಕಿಂತ ಹಳೆಯದನ್ನು ಕೊಳ್ಳುವ ಬದಲು ಆ ದುಡ್ಡನ್ನು ಕ್ಯಾಲ್ಕುಲೇಟರ್‌ಗೆ ಹಾಕಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಬಿಎ 2 ಪ್ಲಸ್, ಎಚ್‌ಪಿ 12ಸಿ ಮಾದರಿಗಳನ್ನು ಬಿಟ್ಟು ಬೇರೆ ಯಾವುದನ್ನೂ ಒಳಗೆ ಬಿಡುವುದಿಲ್ಲ.