ಸಂಡೂರಿನ ಕೆಂಪು ದೂಳು: ಪಿಎಚ್‌.ಡಿ.ಯೋ, ಸಂಸ್ಥೆಯ ಕೆಲಸವೋ?

ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಗಣಿಗಾರಿಕೆ ಜನರ ಬದುಕನ್ನು ಏನು ಮಾಡಿತೆಂದು ಅಧ್ಯಯನ ಮಾಡಬಯಸುವ ಬಳ್ಳಾರಿಯವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ.

ಪಿಎಚ್‌.ಡಿ.ಗೆ ಊರಲ್ಲೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ. ನೆಟ್ ಪರೀಕ್ಷೆಯ ಮೂಲಕ ಸಿಗುವ ಸಂಶೋಧನಾ ಶಿಷ್ಯವೇತನ ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000. ಸಿಗದಿದ್ದರೆ ಖರ್ಚಿಗೆ ಅಪ್ಪನ ಮುಖ ನೋಡಬೇಕು, ಅದೂ ಕನಿಷ್ಠ 3 ವರ್ಷ. ಆದರೆ ಕೇಳುವ ಪ್ರಶ್ನೆ ನಿಮ್ಮದೇ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿದಾಗ, ಅದೇ ಜಿಲ್ಲೆಯ ಗಣಿನಾಡು ಸಂಡೂರಿನ ಲಾರಿ ಚಾಲಕ ಏನು ಮಾಡಿದ? ದೂಳು ಕುಳಿತ ಹೊಲಕ್ಕೆ ಮರಳಿದನೇ? ಇದನ್ನು ತಿಳಿಯಲು ಒಂದೇ ಮನೆಗೆ ನಾಲ್ಕು ಸಲ ಹೋಗಬೇಕು. ಮೊದಲ ಸಲ ಚಹಾ ಕೊಡುತ್ತಾರೆ, ನಾಲ್ಕನೆಯ ಸಲ ಸಾಲದ ಲೆಕ್ಕ ಬಿಚ್ಚುತ್ತಾರೆ.

ಸ್ವಯಂಸೇವಾ ಸಂಸ್ಥೆಯ ಸಮೀಕ್ಷೆಯಲ್ಲಿ ಅಷ್ಟು ಪುರುಸೊತ್ತಿಲ್ಲ. ನಾನಿದ್ದ ಕಡೆ ದಿನಕ್ಕೆ ಹತ್ತು ಮನೆ. ಅಜ್ಜಿಯೊಬ್ಬರು ಕೆಮ್ಮುತ್ತಾ ಹೇಳಿದ ಅರ್ಧ ಗಂಟೆಯ ಕಥೆ ಟ್ಯಾಬ್‌ನಲ್ಲಿ ‘ಹೌದು’ ಎಂಬ ಒಂದು ಗುರುತಾಯಿತು. ಯೋಜನೆ ಮುಗಿದ ದಿನ ಸಂಬಳವೂ ಮುಗಿಯಿತು. ಆದರೂ ಸಮೀಕ್ಷೆಗೆ ಯಾವ ಮನೆಗಳನ್ನು ಆರಿಸಬೇಕೆಂಬ ಮಾದರಿ ಆಯ್ಕೆ, ಗುಂಪು ಚರ್ಚೆ, ಗಡುವಿನೊಳಗೆ ವರದಿ ಬರೆಯುವುದು ನನ್ನ ಕೈಗೆ ಹತ್ತಿದ್ದು ಅಲ್ಲಿಯೇ.

ಜೆಆರ್‌ಎಫ್ ಕೈಯಲ್ಲಿದ್ದರೆ ಪಿಎಚ್‌.ಡಿ.ಗೆ ಸೇರಿ. ಇಲ್ಲದಿದ್ದರೆ ಒಂದೆರಡು ವರ್ಷ ಸಂಸ್ಥೆಯಲ್ಲಿ ದುಡಿಯಿರಿ, ರಾತ್ರಿ ನೆಟ್‌ಗೆ ಓದಿ.