ಫ್ಲಾಕ್ ಜೊತೆ ಹನ್ನೊಂದು ವರ್ಷ

ನಮ್ಮಜ್ಜಿ ಒಬ್ಬರೇ ಕೂತು ಹಾಡಿದ ದೇವರನಾಮಗಳು ಈಗ ಉಳಿದಿರುವುದು 128 ಕೆಬಿಪಿಎಸ್‌ನ (ಅಂದರೆ ಒಂದು ಸೆಕೆಂಡಿನ ಸದ್ದಿಗೆ 128 ಕಿಲೋಬಿಟ್) ಎಂಪಿ3 ಫೈಲುಗಳಲ್ಲಿ ಮಾತ್ರ. 2006ರಲ್ಲಿ ಅವು ಇದ್ದ ಕ್ಯಾಸೆಟ್ಟನ್ನು ಊರಿನ ಒಂದು ಅಂಗಡಿಗೆ ಕೊಟ್ಟು ಸಿಡಿ ಮಾಡಿಸಿದೆವು. ಒಳಗಿದ್ದದ್ದು ಎಂಪಿ3 ಅಂತ, ಅಂದರೆ ಫೈಲು ಚಿಕ್ಕದಾಗಲಿ ಅಂತ ಸದ್ದಿನ ಒಂದಿಷ್ಟು ಭಾಗ ಎಸೆದುಬಿಡುವ ಬಗೆ ಅಂತ, ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಮಲೆನಾಡಿನ ಮಳೆಗಾಲ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಸಿತ್ತು. ಟೇಪು ಒಂದಕ್ಕೊಂದು ಅಂಟಿಕೊಂಡು ಹರಿದೇ ಹೋಯಿತು.

ಕ್ಯಾಸೆಟ್ ಅಂದರೆ ಹಿಂದೆ ಯಾವಾಗಲೂ ‘ಸ್ಸ್’ ಅನ್ನುವ ಸದ್ದು ಇರುತ್ತದೆ. ಎಂಪಿ3ಗೆ ಅದೇ ದೊಡ್ಡ ಹೊರೆ. ಕ್ರಮವೇ ಇಲ್ಲದ ಸದ್ದನ್ನು ಚಿಕ್ಕದು ಮಾಡುವುದು ಬಹಳ ಕಷ್ಟ. 128ರಲ್ಲಿ ಅದು ನೀರೊಳಗಿನ ಗುಳುಗುಳು ಥರ ಆಗಿಬಿಡುತ್ತದೆ. ಆ ‘ಸ್ಸ್’ ತೆಗೆಯೋಣ ಅಂತ ನಾನು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಗುಳುಗುಳು ಇನ್ನೂ ಎದ್ದು ಕೇಳಿಸುತ್ತದೆ, ಅಜ್ಜಿಯ ದನಿ ತೆಳ್ಳಗಾಗುತ್ತದೆ. ಎಂಪಿ3 ಎಸೆದದ್ದು ಹೋಯಿತು, ವಾಪಸ್ ತರುವ ದಾರಿ ಇಲ್ಲ.

2014ರಲ್ಲಿ ಮನೆಯ ಸಿಡಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಲು ಶುರುಮಾಡಿದಾಗ ಫ್ಲಾಕ್ ಅನ್ನುವ ಇನ್ನೊಂದು ಬಗೆಯ ಫೈಲು ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಸುಮಾರು 180 ಸಿಡಿ, ಹೆಚ್ಚಿನವು ಕರ್ನಾಟಕ ಸಂಗೀತ, ಒಂದಿಷ್ಟು ಭಾವಗೀತೆ. ಫ್ಲಾಕ್ 2001ರಿಂದ ಇದೆ, ಉಚಿತ, ಒಳಗಿನ ವಿನ್ಯಾಸವೂ ಎಲ್ಲರಿಗೂ ತೆರೆದದ್ದು. ಇದು ಏನನ್ನೂ ಎಸೆಯುವುದಿಲ್ಲ. ಹಿಂದಿನ ಸದ್ದು ನೋಡಿ ಮುಂದಿನದು ಎಷ್ಟಿರಬಹುದು ಅಂತ ಲೆಕ್ಕ ಹಾಕುತ್ತದೆ. ಲೆಕ್ಕ ಎಷ್ಟು ತಪ್ಪಿತೋ ಅಷ್ಟನ್ನು ಮಾತ್ರ ಬರೆದಿಡುತ್ತದೆ. ಬಿಚ್ಚಿದರೆ ಸಿಡಿಯಲ್ಲಿದ್ದದ್ದು ಒಂದು ಬಿಟ್ಟೂ ಬಿಡದೆ ಸಿಗುತ್ತದೆ. ಸಿಡಿಯ 1411 ಕೆಬಿಪಿಎಸ್ ಇದರಲ್ಲಿ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಳೆಯ ಮೋನೋ ಧ್ವನಿಮುದ್ರಣಗಳಾದರೆ ಇನ್ನೂ ಚಿಕ್ಕದು, ಯಾಕೆಂದರೆ ಎಡ ಬಲ ಎರಡೂ ಒಂದೇ ಅಲ್ವಾ.

ನನ್ನ ಅಷ್ಟೂ ಸಿಡಿಗಳು 55 ಜಿಬಿಯಲ್ಲಿ ಕೂತಿವೆ. 128ರ ಎಂಪಿ3 ಆಗಿದ್ದರೆ 10 ಜಿಬಿ ಸಾಕಿತ್ತು. 2014ರಲ್ಲಿ ಈ ವ್ಯತ್ಯಾಸ ನೋಡಿ ಹಿಂಜರಿದಿದ್ದೆ. ಇವತ್ತು ಒಂದು ಚಿಕ್ಕ ಮೆಮೊರಿ ಕಾರ್ಡಿನಲ್ಲೇ ಎಲ್ಲ ಹಿಡಿಯುತ್ತದೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಕಿವಿಗೆ ಗೊತ್ತಾಗುತ್ತಾ? ನಾನು ಸುಮ್ನೆ ಹೇಳಬಾರದು ಅಂತ ಫೂಬಾರ್2000 ಪ್ಲೇಯರಿನ ಎಬಿಎಕ್ಸ್ ಸೌಲಭ್ಯದಲ್ಲಿ ಕೂತು ಪರೀಕ್ಷೆ ಮಾಡಿದೆ. ಯಾವುದು ಫ್ಲಾಕ್, ಯಾವುದು ಎಂಪಿ3 ಅಂತ ನೋಡದೆ, ಕೇಳಿ ಮಾತ್ರ ಹೇಳಬೇಕು. 16 ಸುತ್ತು. ಕಣ್ಣುಮುಚ್ಚಿ ಊಹೆ ಮಾಡಿದರೂ 8 ಸರಿ ಬರಬಹುದು. 12 ದಾಟಿದರೆ ಮಾತ್ರ ನಿಜವಾಗಿ ಕೇಳಿಸಿದೆ ಅಂತ ನಾನು ಒಪ್ಪಿಕೊಳ್ಳುತ್ತೇನೆ.

ಘಟಂ ಇರುವ ಒಂದು ತನಿ ಆವರ್ತನದ ತುಣುಕು ತೆಗೆದುಕೊಂಡೆ. ವೈರ್ ಇರುವ ಹೆಡ್‌ಫೋನ್, ರಾತ್ರಿ ಹನ್ನೊಂದು, ಫ್ಯಾನ್ ಬಂದ್. 128ರಲ್ಲಿ 15 ಸರಿ. ಘಟದ ಮೇಲೆ ಬೆರಳು ಬೀಳುವ ಮುಂಚೆಯೇ ಒಂದು ಸಣ್ಣ ಮಸುಕು ಸದ್ದು ಬರುತ್ತದೆ. ಎಂಪಿ3 ಸದ್ದನ್ನು ತುಂಡು ತುಂಡಾಗಿ ನೋಡುತ್ತದೆ, ತನ್ನ ತಪ್ಪನ್ನು ಇಡೀ ತುಂಡಿಗೆ ಹರಡುತ್ತದೆ. ಹಾಗಾಗಿ ಏಟಿನ ಹಿಂದಿನ ಮೌನದೊಳಗೂ ಅದು ನುಸುಳುತ್ತದೆ. ಒಮ್ಮೆ ಕಿವಿಗೆ ಬಿದ್ದರೆ ಮತ್ತೆ ಮರೆಯಲು ಆಗುವುದಿಲ್ಲ. 192ರಲ್ಲಿ 11 ಬಂತು. 256ರಲ್ಲಿ 8. ಅಂದರೆ 256ರಲ್ಲಿ ನನಗೆ ಏನೂ ಗೊತ್ತಾಗಲಿಲ್ಲ. ಬರೀ ಹಾಡುಗಾರಿಕೆ ಇರುವ ತುಣುಕಿನಲ್ಲಿ 192ಕ್ಕೇ ಸೋತೆ. ಅದಕ್ಕೇ 320ರ ಎಂಪಿ3 ಕೇಳುವವರಿಗೆ ಸಂಗೀತ ಅರ್ಧ ಸಿಗುತ್ತಿದೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬ್ಲೂಟೂತ್‌ನಲ್ಲಿ ಕೇಳುವವರಂತೂ ಈ ಚಿಂತೆ ಬಿಡಬಹುದು. ಸಾಮಾನ್ಯವಾಗಿ ಅಲ್ಲಿ ಫ್ಲಾಕ್ ಕೂಡ ಎಂಪಿ3ಯ ಹಾಗೇ ಸದ್ದು ಎಸೆಯುವ ಎಸ್‌ಬಿಸಿಯೋ ಎಎಸಿಯೋ ಆಗಿ ಮತ್ತೆ ಹಿಂಡಿಸಿಕೊಂಡೇ ಕಿವಿಗೆ ಬರುತ್ತದೆ.

ಆದರೆ ದಿನಾ ಬಳಸುವಾಗ ಬೇರೆ ಕಡೆ ವ್ಯತ್ಯಾಸ ಕಂಡಿದೆ. ಸಿಡಿಗಳಲ್ಲಿ ಆಲಾಪನೆ ಒಂದು ಟ್ರ್ಯಾಕ್, ಕೃತಿ ಇನ್ನೊಂದು ಅಂತ ಕತ್ತರಿಸಿರುತ್ತಾರೆ. ಎಂಪಿ3 ಮಾಡುವಾಗ ಟ್ರ್ಯಾಕಿನ ಆಚೀಚೆ ಚೂರು ಮೌನ ಸೇರಿಕೊಳ್ಳುತ್ತದೆ. ಅದನ್ನು ಬಿಟ್ಟು ನುಡಿಸುವ ಪ್ಲೇಯರುಗಳೂ ಇವೆ, ನನ್ನ ಹಳೆಯದು ಹಾಗಿರಲಿಲ್ಲ. ತಂಬೂರಿ ಶ್ರುತಿ ನಡುವೆ ಚಕ್ಕನೆ ಕಡಿದು ಮತ್ತೆ ಶುರುವಾಗುತ್ತಿತ್ತು. ಫ್ಲಾಕ್‌ಗೆ ಬಂದ ಮೇಲೆ ಆ ಕಿರಿಕಿರಿ ಹೋಯಿತು.

ಇನ್ನೊಂದು ಖುಷಿ ಕನ್ನಡದ್ದು. ಹಳೆಯ ಎಂಪಿ3ಗಳಲ್ಲಿ ಹಾಡಿನ ಹೆಸರು ಕನ್ನಡದಲ್ಲಿ ಹಾಕಿದರೆ ಪ್ಲೇಯರಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತಿದ್ದವು. ಫ್ಲಾಕ್‌ನ ಹೆಸರುಪಟ್ಟಿ ಯೂನಿಕೋಡ್‌ನಲ್ಲೇ ಇರುತ್ತದೆ, ನಮಗೆ ಬೇಕಾದ ಕಲಂಗಳನ್ನೂ ಸೇರಿಸಿಕೊಳ್ಳಬಹುದು. ರಾಗ, ತಾಳ, ರಚನೆ ಯಾರದು, ಪಕ್ಕವಾದ್ಯ ಯಾರದು ಅಂತ ಎಲ್ಲಕ್ಕೂ ಒಂದೊಂದು ಕಲಂ ಮಾಡಿಕೊಂಡೆ. ಎರಡು ಬೇಸಿಗೆ ರಜೆ ಇದಕ್ಕೇ ಹೋಯಿತು. ಈಗ ‘ಹಂಸಧ್ವನಿ’ ಅಂತ ಟೈಪ್ ಮಾಡಿದರೆ ಮನೆಯಲ್ಲಿರುವ ಅಷ್ಟೂ ಹಂಸಧ್ವನಿಗಳು ಎದುರಿಗೆ ಬಂದು ನಿಲ್ಲುತ್ತವೆ.

2019ರಲ್ಲಿ ಹಾರ್ಡ್ ಡಿಸ್ಕ್ ಕೈಕೊಡಲು ಶುರುವಾಯಿತು. ಫ್ಲಾಕ್ ಮಾಡುವಾಗ ಮೂಲ ಸದ್ದಿನ ಎಂಡಿ5 ಗುರುತು (ಸದ್ದು ಒಂಚೂರು ಬದಲಾದರೂ ಹೊಂದದೆ ಹೋಗುವ ಒಂದು ಲೆಕ್ಕ) ಫೈಲಿನೊಳಗೇ ದಾಖಲಾಗಿರುತ್ತದೆ. ಎಲ್ಲ ಫೈಲುಗಳನ್ನೂ ಒಮ್ಮೆ ಪರೀಕ್ಷೆಗೆ ಹಾಕಿದೆ. ಮೂರು ಫೈಲು ಕೆಟ್ಟಿದ್ದವು, ಯಾವುವು ಅಂತ ಹೆಸರು ಸಮೇತ ಗೊತ್ತಾಯಿತು. ಆ ಸಿಡಿಗಳನ್ನು ಮತ್ತೆ ಓದಿಸಿದೆ.

ತೊಂದರೆಗಳೂ ಇವೆ. ನನ್ನ ಹಳೆಯ ಕಾರಿನ ಸ್ಟೀರಿಯೋ ಫ್ಲಾಕ್ ಓದುವುದೇ ಇಲ್ಲ, ಅದಕ್ಕೆ ಪೆನ್‌ಡ್ರೈವಿನಲ್ಲಿ ಎಂಪಿ3 ಬೇಕು. ತಂಗಿಯ ಐಫೋನಿನ ಮ್ಯೂಸಿಕ್ ಆಪ್ ಕೂಡ ಫ್ಲಾಕ್ ಸೇರಿಸಿಕೊಳ್ಳುವುದಿಲ್ಲ. ಅವಳಿಗೆ ಆಪಲ್‌ನದೇ ಆದ ಆಲಾಕ್ ಮಾಡಿ ಕೊಟ್ಟೆ, ಅದರಲ್ಲೂ ಏನೂ ಕಳೆಯುವುದಿಲ್ಲ. ಫ್ಲಾಕ್ ಕೈಯಲ್ಲಿದ್ದರೆ ಯಾವುದನ್ನು ಬೇಕಾದರೂ ಮಾಡಿಕೊಳ್ಳಬಹುದು. ಎಂಪಿ3ಯಿಂದ ಇನ್ನೊಂದು ಎಂಪಿ3 ಮಾಡಿದರೆ ಪ್ರತಿ ಸಲ ಇನ್ನಷ್ಟು ಹೋಗುತ್ತದೆ. ಹೊರಗೆ ಸಿಗುವ ಫ್ಲಾಕ್ ಬಗ್ಗೆ ಒಂದು ಎಚ್ಚರ: ಒಮ್ಮೆ ದುಡ್ಡು ಕೊಟ್ಟು ತೆಗೆದುಕೊಂಡ ಒಂದು ಆಲ್ಬಮ್ಮನ್ನು, ಸದ್ದನ್ನು ಚಿತ್ರವಾಗಿ ತೋರಿಸುವ ಸ್ಪೆಕ್ ತಂತ್ರಾಂಶದಲ್ಲಿ ತೆರೆದು ನೋಡಿದೆ. 16 ಕಿಲೋಹರ್ಟ್ಸ್ ಮೇಲೆ, ಅಂದರೆ ತೀರಾ ಕೀರಲು ಸದ್ದಿನ ಜಾಗದಲ್ಲಿ, ಕತ್ತಿಯಲ್ಲಿ ಕೊಯ್ದ ಹಾಗೆ ಖಾಲಿ. ಕಡಿಮೆ ಕೆಬಿಪಿಎಸ್‌ನ ಎಂಪಿ3 ಸಾಮಾನ್ಯವಾಗಿ ಹೀಗೇ ಕತ್ತರಿಸುತ್ತದೆ. ಎಂಪಿ3ಯನ್ನೇ ಫ್ಲಾಕ್ ಮಾಡಿ ಮಾರಿದ್ದರು. ಆ ದಿನ ನಿಜಕ್ಕೂ ಸಿಟ್ಟು ಬಂದಿತ್ತು.

24 ಬಿಟ್ (ಸದ್ದಿನ ಪ್ರತಿ ಅಳತೆ ಎಷ್ಟು ಸೂಕ್ಷ್ಮ ಅನ್ನುವುದು; ಸಿಡಿಯದು 16), 192 ಕಿಲೋಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಾವಿರ ಅಳತೆ ಅನ್ನುವುದು) ಅಂತ ಜಾಸ್ತಿ ಬೆಲೆಗೆ ಮಾರುವುದನ್ನು ನಾನು ಕೇಳುವುದಕ್ಕಾಗಿ ಕೊಳ್ಳುವುದಿಲ್ಲ. ಸಿಡಿಯ 44.1 ಕಿಲೋಹರ್ಟ್ಸ್‌ನಲ್ಲೇ ಮನುಷ್ಯರ ಕಿವಿಗೆ ಕೇಳುವಷ್ಟೆಲ್ಲ ಬಂದಿರುತ್ತದೆ. ಆದರೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕುವಾಗ 24 ಬಿಟ್ ಬಹಳ ಅನುಕೂಲ. ಸದ್ದನ್ನು ಸ್ವಲ್ಪ ಕೆಳಗೇ ಇಟ್ಟು ಧೈರ್ಯವಾಗಿ ರೆಕಾರ್ಡ್ ಮಾಡಬಹುದು, ಆಮೇಲೆ ಏರಿಸಿಕೊಂಡರಾಯಿತು.

ಹೋದ ವರ್ಷ ಸಾಗರದ ಅತ್ತೆ ಮನೆಯ ಅಟ್ಟದಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು. ಅತ್ತೆಯ ಮದುವೆಯ ಹಸೆ ಹಾಡುಗಳು, 1987. ಹತ್ತಾರು ಹೆಂಗಸರು ಒಟ್ಟಿಗೆ ಹಾಡಿದ್ದಾರೆ, ಅವರ ನಡುವೆ ಅಜ್ಜಿಯೂ ಇದ್ದಾರೆ. ಈ ಸಲ ಯಾವ ಅಂಗಡಿಗೂ ಕೊಡಲಿಲ್ಲ. ಡೆಕ್ಕಿನ ಹೆಡ್ ಒರೆಸಿ, ನಾನೇ ಕೂತು 24 ಬಿಟ್ ಫ್ಲಾಕ್ ಮಾಡಿದೆ. ಫೈಲು ದೊಡ್ಡದೇ ಆಯಿತು, ‘ಸ್ಸ್’ ಕೂಡ ಹಾಗೇ ಇದೆ. ಸಾಲು ಮುಗಿಯುವಾಗ ಅಜ್ಜಿ ಉಳಿದವರಿಗಿಂತ ಒಂದು ಗಳಿಗೆ ತಡವಾಗಿ ನಿಲ್ಲಿಸುತ್ತಾರೆ. ಆಗ ಅವರ ದನಿಯೊಂದೇ ಕೇಳಿಸುತ್ತದೆ. ಒಂದು ಪ್ರತಿ ನನ್ನಲ್ಲಿದೆ, ಒಂದು ತಂಗಿಯ ಹತ್ತಿರ, ಇನ್ನೊಂದನ್ನು ಅತ್ತೆಗೆ ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟಿದ್ದೇನೆ. ಅವರು ಫೋನಿನಲ್ಲಿ ಕೇಳುವುದಕ್ಕೆ ಅಂತ ಬೇರೆ ಎಂಪಿ3 ಮಾಡಿಕೊಟ್ಟೆ.